ಒಂದು ಲೋಟ ಮೈದಾ, ಒಂದು ಲೋಟ ಸಕ್ಕರೆ

ಹತ್ತೊಂಬತ್ತು ವರ್ಷದಿಂದ ಆ ಬೇಕರಿಯ ಕೇಕು ಒಬ್ಬ ಹೆಂಗಸಿನ ಕೈಯಲ್ಲಿದೆ. ಎಲ್ಲರಿಗೂ ಆಕೆ ಅಕ್ಕ. ಆಕೆಯ ಅಳತೆ ಅಂದರೆ ಅಂಚು ಸೊಟ್ಟಗಾದ ಒಂದು ದೊಡ್ಡ ಸ್ಟೀಲ್ ಲೋಟ. ಎಂಟು ಲೋಟ ಮೈದಾ, ನಾಲ್ಕು ಲೋಟ ಸಕ್ಕರೆ, ಎರಡು ಲೋಟ ಎಣ್ಣೆ. ತಕ್ಕಡಿ ಇರುವುದು ಅಂಗಡಿಯ ಮುಂದುಗಡೆ, ಬಿಸ್ಕತ್ತು ತೂಗುವುದಕ್ಕೆ.

ಯಜಮಾನರಿಗೆ ಮಂಡಿನೋವು. ಹೋದ ತಿಂಗಳು ಅಂಗಡಿ ಅಳಿಯನ ಕೈಗೆ ಬಂತು. ಅಳಿಯ ಓದಿದವನು. ಓದಿದವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಒಂದು ಸಲ ತೂಗಿ ಎಲ್ಲವೂ ಗೊತ್ತಾಯಿತು ಅನ್ನುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಅವನು ಒಂದು ಲೋಟ ಮೈದಾ ತೂಗಿದ, ಇನ್ನೂರೈವತ್ತು ಗ್ರಾಂ ಬಂತು. ಸಕ್ಕರೆಗೂ ಎಣ್ಣೆಗೂ ಅದನ್ನೇ ಗುಣಿಸಿ, ಪಟ್ಟಿ ಬರೆದು ಗೋಡೆಗೆ ಅಂಟಿಸಿದ.

"ಇನ್ಮೇಲೆ ಲೋಟ ಮುಟ್ಟೋ ಹಾಗಿಲ್ಲ."

ಕೇಕು ಸಪ್ಪೆ, ಮೇಲಾಗಿ ಒಣಕಲು. ಮೂರು ದಿನ ಗಿರಾಕಿಗಳು ತಂದು ವಾಪಸ್ ಇಟ್ಟರು.

"ಅಕ್ಕ, ಬೇಕಂತಲೇ ತಪ್ಪು ಅಳತೆ ಹೇಳಿದ್ರಾ?"

"ಇಲ್ಲಪ್ಪ, ನಾನು ಹಾಕೋದು ಅಷ್ಟೇ."

"ಶನಿವಾರದೊಳಗೆ ಸರಿಯಾದ ಲೆಕ್ಕ ಗ್ರಾಂನಲ್ಲಿ ಕೊಡಿ. ಆಗಲ್ಲ ಅಂದ್ರೆ ಹಿಂದುಗಡೆ ಪ್ಯಾಕಿಂಗಿಗೆ ಕೂತ್ಕೊಳ್ಳಿ."

ಪ್ಯಾಕಿಂಗ್ ರೂಮಿಗೆ ಕಿಟಕಿ ಇಲ್ಲ. ದಿನವಿಡೀ ಲೇಬಲ್ ಅಂಟಿಸುವ ಕೆಲಸ. ಆಕೆ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು; ತಪ್ಪು ಯಾರದೇ ಆದರೂ ಮೊದಲು ತನ್ನದೇ ಅಂದುಕೊಳ್ಳುವುದು ರೂಢಿಯಾಗಿದೆ. ಈ ರೂಢಿ ಹಚ್ಚಿದವರ ಮೇಲೆ ನನ್ನ ಸಿಟ್ಟು.

ಗುರುವಾರ ಮಧ್ಯಾಹ್ನ ಅಳಿಯ ಊಟಕ್ಕೆ ಹೋದಾಗ ಆಕೆ ತಕ್ಕಡಿಯನ್ನು ಒಳಗೆ ತಂದಳು. ಒಂದು ಲೋಟ ಸಕ್ಕರೆ ನಾನೂರು ಗ್ರಾಂ ತೂಗಿತು. ಎಣ್ಣೆ ನಾನೂರ ನಲವತ್ತು. ಲೋಟ ಒಂದೇ, ಒಳಗಿರುವುದರ ಭಾರ ಬೇರೆ ಬೇರೆ. ಹಾಗಾದರೆ ಪಟ್ಟಿಯಲ್ಲಿ ಸಕ್ಕರೆಯೇ ಆರುನೂರು ಗ್ರಾಂ ಕಮ್ಮಿ.

ಸಮಾಧಾನ ಅರೆಗಳಿಗೆಯೂ ಉಳಿಯಲಿಲ್ಲ. ಮೈದಾ ತೂಗಿದರೆ ಮುನ್ನೂರು. ಇನ್ನೊಂದು ಸಲ ಇನ್ನೂರ ಎಂಬತ್ತು. ಮತ್ತೊಂದು ಸಲ ಮುನ್ನೂರ ಹತ್ತು. ಇಷ್ಟು ವರ್ಷ ಕಣ್ಣುಮುಚ್ಚಿ ಹಾಕುತ್ತಿದ್ದದ್ದು ಇದರಲ್ಲಿ ಯಾವುದು?

ಓವನ್ ನೋಡಿಕೊಳ್ಳುವ ತಾತ ಬಾಗಿಲಲ್ಲಿ ನಿಂತಿದ್ದ. "ಏನಮ್ಮಾ, ಮೂಟೆ ಜೊತೆ ಕುಸ್ತಿನಾ?"

"ಯಾಕೆ ತಾತ?"

"ಯಾವತ್ತೂ ಮೇಲಿಂದ ಗೋರಿ, ಅಂಚಿಗೆ ಸಮ ಬೆರಳು ಎಳೆದು ಬಿಡ್ತಿದ್ದೆ. ಇವತ್ತು ಹೆದರ್ಕೊಂಡು ಒತ್ತಿ ಒತ್ತಿ ತುಂಬ್ತಿದ್ದೀಯ."

ಉಪಾಯವನ್ನೂ ತಾತನೇ ಹೂಡಿದ. ತಕ್ಕಡಿ ಆಕೆಯ ಬೆನ್ನ ಹಿಂದೆ. ಆಕೆ ತುಂಬಿ ಹಿಂದಕ್ಕೆ ಕೊಡಬೇಕು, ತಿರುಗಬಾರದು. ತಾತ ತೂಗಿ ಬರೆದುಕೊಳ್ಳುತ್ತಾನೆ, ಎಷ್ಟು ಅಂತ ಹೇಳುವುದಿಲ್ಲ. ಬದಲಿಗೆ ತನ್ನ ಸೊಸೆಯ ಮೇಲೆ ಚಾಡಿ ಹೇಳುತ್ತಾನೆ. ಟಿವಿ ರಿಮೋಟನ್ನು ದಿಂಬಿನ ಕೆಳಗಿಟ್ಟು ಮಲಗುತ್ತಾಳಂತೆ ಮಹಾತಾಯಿ. ಆಕೆ ನಕ್ಕಳು, ಕೈ ಸಡಿಲವಾಯಿತು. ಎಂಟು ಲೋಟ ಸೇರಿ ಎರಡು ಸಾವಿರದ ಹತ್ತು ಗ್ರಾಂ, ಲೋಟಕ್ಕೆ ಇನ್ನೂರೈವತ್ತರ ಲೆಕ್ಕವೇ. ಸಕ್ಕರೆ, ಎಣ್ಣೆಯ ತೂಕವನ್ನೂ ಸೇರಿಸಿ ತಾತ ಚೀಟಿ ಬರೆದುಕೊಟ್ಟ.

"ಚೀಟಿ ಕೊಡಬೇಡ ಕಣಮ್ಮಾ," ಅಂದ ತಾತ. "ಇದು ಕೈಗೆ ಸಿಕ್ಕಿದ್ಮೇಲೆ ನೀನ್ಯಾಕೆ ಬೇಕು ಅವನಿಗೆ?"

ಆಕೆಗೂ ಅದು ಹೊಳೆದಿತ್ತು. ಎರಡು ದಿನ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದಳು. ಸರಿ ಅಳತೆ ಗೊತ್ತಿದ್ದೂ ಕೆಟ್ಟ ಕೇಕು ಕಲಸಲು ಕೈ ಬರಲಿಲ್ಲ. ಶನಿವಾರ ಕೊಟ್ಟಳು.

ಹೊಸ ಲೆಕ್ಕದ ಕೇಕು ಬಾಯಿಗೆ ಹಾಕಿಕೊಂಡ ಅಳಿಯ "ಈಗ ಸರಿಯಾಗಿದೆ" ಅಂದ. ತಾನು ಗುಣಿಸಿದ್ದು ತಪ್ಪು ಎಂದು ಮಾತ್ರ ಅನ್ನಲಿಲ್ಲ. "ಇನ್ನು ಇದನ್ನ ನೋಡ್ಕೊಂಡು ಯಾರು ಬೇಕಾದ್ರೂ ಮಾಡಬಹುದು, ಅಲ್ವಾ ಅಕ್ಕ?"

"ಮಾಡ್ಲಿ. ಹೊಸ ಮೂಟೆ ಒಡೆದ ದಿನ ಹಿಟ್ಟು ಜಾಸ್ತಿ ಹಾಲು ಕುಡಿಯುತ್ತೆ. ಆಗ ಎಷ್ಟು ಅಂತ ಈ ಚೀಟೀಲಿ ಇಲ್ಲ."

"ನೋಡೋಣ."

ಕೆಲಸ ಕೊಡುವ ಕೈಯಿದ್ದವರಿಗೆ ಈ ಮಾತು ಎಷ್ಟು ಸಲೀಸು. ಕೇಳಿದವಳು ಈಗ ದಿನಾ ಬೆಳಿಗ್ಗೆ ಏಪ್ರನ್ ಕಟ್ಟುವ ಮೊದಲು ಬಾಗಿಲ ಪಕ್ಕ ಅಳಿಯ ಕೆಲಸ ಹಂಚಿ ಬರೆಯುವ ಬೋರ್ಡು ನೋಡುತ್ತಾಳೆ, ತನ್ನನ್ನು ಯಾವ ರೂಮಿಗೆ ಹಾಕಿದ್ದಾರೆ ಅಂತ. ಇವತ್ತಿಗೂ ಹಿಟ್ಟಿನ ಮೇಜು ಆಕೆಯದೇ. ನಾಳೆಯದನ್ನು ಅವನಿನ್ನೂ ಬರೆದಿಲ್ಲ.