ತಿಪ್ಪವ್ವ ತೊಳೆದ ಬಟ್ಟಲು

ಪುಣೆಯ ಕೋಥರೂಡಿನ ಒಂದು ಹಳೆಯ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿ. ಹಾಲಿನ ಪಾಕೀಟು ಇನ್ನೂ ಬಾಗಿಲಿಗೆ ತೂಗುಹಾಕಿದ ಚೀಲದಲ್ಲೇ ಇದೆ. ಒಳಗೆ ತಿಪ್ಪವ್ವ ಎರಡೂ ಕೈಯ ಹಸಿರು ಬಳೆಗಳನ್ನು ಮೊಳಕೈಯ ತನಕ ಏರಿಸಿ, ಹಳೆಯ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಾರೆ. ಮುತ್ತೈದೆ, ಬಳೆ ತೆಗೆದಿಡುವಂತಿಲ್ಲ. ಬಳೆ ತಾಗಿದರೆ ಮಣ್ಣಿನ ಪಾತ್ರೆಯ ಅಂಚು ಸಿಡಿಯುತ್ತದೆ. ಯಾರೂ ಹೇಳಿಕೊಡದೆ ಅವರೇ ಕಂಡುಕೊಂಡ ಉಪಾಯ ಇದು. ಬಳೆ ಕಟ್ಟಿಯಾದ ಮೇಲೆ ಕಪಾಟಿನ ಮುಂದೆ ದಪ್ಪ ಕೌದಿ ಹಾಸುತ್ತಾರೆ. ಆಮೇಲೆ ಒಂದೊಂದೇ ಹೂಜಿ, ತಟ್ಟೆ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ಮಲಗಿಸಿದಂತೆ ಅದರ ಮೇಲೆ ಇಳಿಸುತ್ತಾರೆ. ಮೆತ್ತನೆಯ ಕುಂಚದಿಂದ ಧೂಳು ಹೊಡೆಯುತ್ತಾರೆ, ಊದುತ್ತಾರೆ, ಮತ್ತೆ ಅದರದರ ಜಾಗಕ್ಕೇ ಇಡುತ್ತಾರೆ.

ಪುಣೆಯಲ್ಲಿ ಜಪಾನಿನ ಕಲೆಯ ಇಷ್ಟು ದೊಡ್ಡ ಸಂಗ್ರಹ ಒಂದು ಮಧ್ಯಮ ವರ್ಗದ ಮನೆಯಲ್ಲಿದೆ ಎಂದು ಕೇಳಿಯೇ, ಅದರ ಬಗ್ಗೆ ಬರೆಯಲೆಂದು ನಾನು ಮೊದಲ ಸಲ ಇಲ್ಲಿಗೆ ಬಂದದ್ದು. ಗೋಡೆಯ ಮೇಲೆ ಮರದ ಅಚ್ಚಿನಿಂದ ಒತ್ತಿದ ಹಳೆಯ ಚಿತ್ರಗಳು. ಕಪಾಟುಗಳಲ್ಲಿ ಬಿಜೆನ್ ಎಂಬ ಊರಿನ ಮೆರುಗಿಲ್ಲದ ಕೆಂಗಂದು ಹೂಜಿಗಳು, ನೀಲಿ ಹೂವಿನ ಮುನ್ನೂರು ವರ್ಷದ ತಟ್ಟೆಗಳು, ಅವುಗಳ ಪಕ್ಕದಲ್ಲೇ ಈಗಿನ ಹುಡುಗಿಯೊಬ್ಬಳು ಬೇಕೆಂದೇ ಸೊಟ್ಟಗೆ ಮಾಡಿದ ಹೂದಾನಿ. ಸಂಗ್ರಹದ ಬಗ್ಗೆ ಬರೆಯುವವರು ಸಂಗ್ರಹಕಾರರ ಫೋಟೋ ಹಾಕುತ್ತಾರೆ, ವಸ್ತುಗಳ ಫೋಟೋ ಹಾಕುತ್ತಾರೆ. ಇಷ್ಟು ವರ್ಷ ಒಂದೂ ಒಡೆಯದಂತೆ ಧೂಳು ಹೊಡೆದವರ ಫೋಟೋ ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಸಂಗ್ರಹ ಬಿಂದುಮಾಧವ ಅವರದು. ಧಾರವಾಡದವರು, ಪುಣೆಯಲ್ಲಿ ಜಪಾನಿ ಭಾಷೆ ಕಲಿತು ಕಾರ್ಖಾನೆಯೊಂದಕ್ಕೆ ದುಭಾಷಿಯಾದವರು. ಯಂತ್ರ ಕೊಳ್ಳಲು ಹೋಗುವ ಎಂಜಿನಿಯರುಗಳ ಜೊತೆ ಆಗಾಗ ಜಪಾನಿಗೆ ಹೋಗುತ್ತಿದ್ದರು. ರಜೆಯ ದಿನ ಉಳಿದವರು ಕ್ಯಾಮೆರಾ ಅಂಗಡಿ ಹೊಕ್ಕರೆ ಇವರು ಗುಡಿಯಂಗಳದ ಹಳೆ ಸಾಮಾನಿನ ಸಂತೆಗೆ, ಕುಂಬಾರರ ಹಳ್ಳಿಗಳಿಗೆ ಹೋಗುತ್ತಿದ್ದರು. ಕೊಂಡದ್ದನ್ನು ಧೋತರದಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರಂತೆ. ಅವರು ತೀರಿಕೊಂಡು ಮೂರು ವರ್ಷವಾಯಿತು. ಈಗ ಮನೆಯಲ್ಲಿರುವವರು ಅವರ ಹೆಂಡತಿ ಇಂದೂ ಮತ್ತು ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಮಂಜರಿ.

ತಿಪ್ಪವ್ವ ಶಹಾಪುರ ತಾಲೂಕಿನವರು. ಮದುವೆಯಾದ ವರ್ಷವೇ ಗಂಡ ಭೀಮಣ್ಣನ ಜೊತೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದರು. ತಲೆಯ ಮೇಲೆ ಇಟ್ಟಿಗೆ ಹೊತ್ತು ಹತ್ತಿದ ಮೊದಲ ಬಿಲ್ಡಿಂಗು ಇದೇ. "ಈ ಗ್ವಾಡಿ ನೋಡ್ರಿ, ಇದಕ್ಕ ನೀರ ಹೊಡದಾಕಿ ನಾನ. ಆವಾಗ ನಮಗೇನ ಗೊತ್ತು, ಮುಂದ ಇದ ಗ್ವಾಡಿ ಒರಸ್ಕೋತ ಹೊಟ್ಟಿ ತುಂಬ್ಕೋತೀವಂತ" ಎಂದು ನಗುತ್ತಾರೆ. ಸೊಂಟ ನೋವು ಶುರುವಾದ ಮೇಲೆ ಇಟ್ಟಿಗೆ ಬಿಟ್ಟು ಮನೆಗೆಲಸ ಹಿಡಿದರು. ಈಗ ವಾರಜೆಯ ತಗಡಿನ ಮನೆಯಿಂದ ಬೆಳಕು ಹರಿಯುವ ಮುಂಚೆ ನಡೆದು ಬರುತ್ತಾರೆ. ಇಲ್ಲಿ ಮುಗಿಸಿ ಇನ್ನೂ ನಾಲ್ಕು ಮನೆಯ ಪಾತ್ರೆ, ಬಟ್ಟೆ, ನೆಲ. ಹೊರಗೆಲ್ಲ ಮರಾಠಿ. ಕನ್ನಡದಲ್ಲಿ ಬೈಸಿಕೊಳ್ಳುವ ಸುಖ ಈ ಮನೆಯಲ್ಲಿ ಮಾತ್ರ ಎನ್ನುತ್ತಾರೆ.

ಬಿಂದುಮಾಧವ ಅವರನ್ನು ತಿಪ್ಪವ್ವ ಕರೆಯುವುದು ಕಾಕಾ ಎಂದು, ಇಂದೂ ಅವರನ್ನು ಕಾಕೂ ಎಂದು. ಕಾಕಾ ತಂದ ಸಾಮಾನು ಮೊದಮೊದಲು ಅವರಿಗೆ ಅರ್ಥವೇ ಆಗಿರಲಿಲ್ಲ. "ನಮ್ಮೂರಾಗ ಹಿಂತಾವು ಕುಂಬಾರ ಭಟ್ಟಿ ಹಿಂದ ಒಗಿತಿದ್ದ್ರಿ. ಸೊಟ್ಟ, ಸುಟ್ಟದ್ದು, ಬಿರುಕ ಬಿಟ್ಟದ್ದು. ಕಾಕಾ ನೋಡಿದ್ರ ವಿಮಾನದಾಗ ಕುಂದ್ರಿಸ್ಕೊಂಡು ತರ್ತಿದ್ರು!" ಕಾಕಾ ಸಿಟ್ಟಾಗಲಿಲ್ಲ. ಆ ಸುಟ್ಟ ಗುರುತಿನ ಮೇಲೆ ತಿಪ್ಪವ್ವನ ಬೆರಳಿಟ್ಟು, ಬೆಂಕಿ ಯಾವ ಕಡೆಯಿಂದ ಬಂದಿತ್ತು ಹೇಳು ನೋಡೋಣ ಎಂದು ಕೇಳುತ್ತಿದ್ದರಂತೆ.

ಕಪಾಟಿಗೆ ಸೇರದ ಬಟ್ಟಲು ಒಂದೇ ಒಂದಿತ್ತು. ಅದು ಅಡುಗೆಮನೆಯಲ್ಲಿ, ಒಲೆಯ ಪಕ್ಕ ಇರುತ್ತಿತ್ತು. ಹಾಗಿ ಎಂಬುದು ಜಪಾನಿನ ಒಂದು ಕಡಲೂರು, ಬಟ್ಟಲು ಅಲ್ಲಿಯದು. ಅದರ ಮೆರುಗಿನ ತುಂಬ ಕೂದಲೆಳೆಯಂಥ ಬಿರುಕುಗಳು. ದಿನವೂ ಕುಡಿಯುತ್ತ ಹೋದರೆ ಚಹಾ ಆ ಬಿರುಕುಗಳಿಗೆ ಇಳಿದು, ವರ್ಷದಿಂದ ವರ್ಷಕ್ಕೆ ಬಟ್ಟಲಿನ ಬಣ್ಣ ತಿರುಗುತ್ತದೆ. ಬಲ್ಲವರು ಹಾಗಿ ಬಟ್ಟಲನ್ನು ಮೆಚ್ಚುವುದೇ ಆ ತಿರುಗಿದ ಬಣ್ಣಕ್ಕೆ. ಬಿಂದುಮಾಧವ ಮದುವೆಗೂ ಮುಂಚೆ ಕೊಂಡಾಗ ಅದು ಹಾಲಿನ ಕೆನೆಯ ಬಣ್ಣದ್ದು. ಅವರ ಕೊನೆಯ ದಿನಗಳಲ್ಲಿ ಒಳಗೆಲ್ಲ ಜೇನಿನ ಬಣ್ಣ ಬಂದಿತ್ತು. ಮಂಜರಿ ಒಂದು ಫೋಟೋ ತೋರಿಸಿದರು. ತಳದಲ್ಲಿ ತುಸು ಕೆಂಪು, ಅಂಚಿನಲ್ಲಿ ಅವರ ತುಟಿ ತಾಗುತ್ತಿದ್ದ ಕಡೆ ಇನ್ನೂ ಸ್ವಲ್ಪ ಗಾಢ.

ಪ್ರತಿ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಒಂದು ಆಟ ನಡೆಯುತ್ತಿತ್ತು. ಕಾಕಾ ಬಂದು ನಿಂತು, "ತಿಪ್ಪವ್ವಾ, ಹಾಗಿ ಕೊಡು" ಎನ್ನುತ್ತಿದ್ದರು. ತಿಪ್ಪವ್ವ ಮೊದಲ ದಿನ ಅದು ಬಟ್ಟಲಿನ ಹೆಸರೆಂದು ನಿಜವಾಗಿಯೂ ತಿಳಿಯದೆ, 'ಹಾಗೆ ಕೊಡು' ಎಂದು ಕೇಳಿಸಿಕೊಂಡು, "ಹ್ಯಾಂಗ ಕೊಡ್ಲಿರಿ?" ಎಂದಿದ್ದರು. ಕಾಕಾ ಬಿದ್ದುಬಿದ್ದು ನಕ್ಕು, "ಹ್ಯಾಂಗದನೋ ಹಾಂಗ ಕೊಡು" ಎಂದಿದ್ದರು. ಅಂದಿನಿಂದ ಅದೇ ಪ್ರಶ್ನೆ, ಅದೇ ಉತ್ತರ. ಹಾಲಿಲ್ಲದ, ಸಕ್ಕರೆಯಿಲ್ಲದ ಕರಿ ಚಹಾ ಮಾಡಿ ಬಟ್ಟಲಿಗೆ ಸುರಿಯುವವರು ತಿಪ್ಪವ್ವ. ಕುಡಿದ ಮೇಲೆ ಬರಿ ನೀರಿನಲ್ಲಿ ತೊಳೆದು ಬೋರಲು ಹಾಕುವವರೂ ಅವರೇ. ಸಾಬೂನು ಕೂಡದು, ನಾರು ಕೂಡದು. ಹೇಗಿದೆಯೋ ಹಾಗೆ ಕೊಡು ಎಂಬ ತಮಾಷೆಯಲ್ಲಿ ಕಾಕಾ ಹೇಳಿಕೊಟ್ಟ ಪಾಠವೂ ಅದೇ.

ಆ ಪಾಠವನ್ನು ತಿಪ್ಪವ್ವ ಮುರಿದದ್ದು ಒಂದೇ ಸಲ, ಕಾಕಾ ಹೋದ ಮೇಲೆ.

ಸಾವಿನ ಮನೆಯ ಮಣ್ಣಿನ ಪಾತ್ರೆ ಹೊರಗೆ ಹಾಕಬೇಕು, ಲೋಹದ್ದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಇಟ್ಟುಕೊಳ್ಳಬಹುದು. ತಿಪ್ಪವ್ವನ ಊರಿನಲ್ಲೂ ಇದೇ ಪದ್ಧತಿ, ಧಾರವಾಡದ ಈ ಮನೆತನದಲ್ಲೂ ಇದೇ. ಸೂತಕ ಕಳೆಯುವ ದಿನ ಬಿಂದುಮಾಧವ ಅವರ ಅಕ್ಕ ಸರೋಜಮ್ಮ ಸೆರಗು ಸಿಕ್ಕಿಸಿ ಅಡುಗೆಮನೆಗೆ ಇಳಿದರು. ಕುಡಿಯುವ ನೀರಿನ ಗಡಿಗೆ ಹೋಯಿತು, ಮೊಸರಿನ ಕುಡಿಕೆ ಹೋಯಿತು. ಹಾಲ್‌ನ ಕಪಾಟಿನಲ್ಲಿದ್ದದ್ದು ಅವರ ಪಾಲಿಗೆ ಶೋಕೇಸಿನ ಸಾಮಾನು, ಅದರ ತಂಟೆಗೆ ಹೋಗಲಿಲ್ಲ. ಒಲೆಯ ಪಕ್ಕದ ಬಟ್ಟಲು ಕಣ್ಣಿಗೆ ಬಿತ್ತು. "ಅದೂ ಮಣ್ಣಿಂದಽ ಅಲ್ಲೇನು? ಹೊರಗ ಹಾಕು" ಎಂದು ತಿಪ್ಪವ್ವನಿಗೆ ಹೇಳಿದರು. ಇಂದೂ ಆಗ ಒಳಕೋಣೆಯಲ್ಲಿ, ಯಾರನ್ನೂ ಮಾತಾಡಿಸುವ ಸ್ಥಿತಿಯಲ್ಲಿರಲಿಲ್ಲ.

"ಹೂಂ ಅಂದ್ನಿರಿ. ಖರೆ ಕೈ ಬರ್ಲಿಲ್ಲ. ಕಾಕಾರ ಬಟ್ಲ ಅದು, ಕಸದ ಗಾಡ್ಯಾಗ ಹ್ಯಾಂಗ ಒಗೀಲಿ? ಸೆರಗಿನಾಗ ಮುಚ್ಕೊಂಡು ಮನಿಗೆ ಒಯ್ದ್ನಿ. ತಾಂಬ್ರದ್ದು ತೊಳದ್ರ ಶುದ್ಧ ಆಗ್ತದಂದ್ರ ಇದನ್ನೂ ಹಂಗ ತೊಳದ್ರಾತು, ಯಾರೂ ಏನೂ ಅನ್ನೂದಿಲ್ಲ, ಬಟ್ಲನೂ ಉಳೀತದ ಅಂದ್ಕೊಂಡೆ."

ತೊಳೆದರು. ಹುಣಸೆಹಣ್ಣು ಹಚ್ಚಿದರು, ಸೋಡಾಪುಡಿ ಹಾಕಿ ಕುದಿಯುವ ನೀರು ಸುರಿದರು. ಅಷ್ಟಕ್ಕೂ ಕಲೆ ಬಿಡದಿದ್ದಾಗ ಬಿಳಿ ಬಟ್ಟೆಗೆ ಹಾಕುವ ಬ್ಲೀಚ್ ಪುಡಿಯಲ್ಲಿ ನೆನೆಹಾಕಿದರು. ಬಿರುಕಿನೊಳಗಿನ ಬಣ್ಣ ಅವರ ಕಣ್ಣಿಗೆ ಮೈಲಿಗೆಯಾಗಿಯೇ ಕಂಡಿತ್ತು. ಕೊನೆಗೆ ಬಟ್ಟಲು ಬೆಳ್ಳಗಾಯಿತು. ಸಮಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೋದ ಮೇಲೆ, ಅದನ್ನು ಹೊಸ ಟವೆಲಿನಲ್ಲಿ ಸುತ್ತಿ ತಂದು ಇಂದೂ ಅವರ ಕೈಗೆ ಕೊಟ್ಟರು.

"ಏನೋ ದೊಡ್ಡದು ಮಾಡೀನಂತ ಹಿಗ್ಗಲೇ ಕೊಟ್ಟ್ನಿರಿ" ಎನ್ನುವಾಗ ತಿಪ್ಪವ್ವನ ಮುಖ ನೋಡುವುದು ಕಷ್ಟ.

ಇಂದೂ ಟವೆಲು ಬಿಚ್ಚಿದರು. ಬಟ್ಟಲನ್ನು ಒಂದು ಸುತ್ತು ತಿರುಗಿಸಿದರು, ಅಂಚಿನ ಮೇಲೆ ಬೆರಳಾಡಿಸಿದರು, ಮೂಗಿನ ಹತ್ತಿರ ಹಿಡಿದರು. ಏನೂ ವಾಸನೆಯಿಲ್ಲ. "ಚೊಲೋ ತೊಳದೀ ತಿಪ್ಪವ್ವಾ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಅವರು ಮಗಳ ಹತ್ತಿರ ಹೇಳುತ್ತಿದ್ದದ್ದು ತಿಪ್ಪವ್ವನ ಕಿವಿಗೆ ಬಿತ್ತು. "ಅವರು ಕುಡದಿದ್ದೆಲ್ಲಾ ಅದರಾಗ ಇತ್ತು, ಮಂಜೂ."

"ಬೈದಿದ್ರ ಚೊಲೋ ಇತ್ರಿ. ಬೈಲಿಲ್ಲ. ಇವತ್ತಿನ ತನಕ ಬೈದಿಲ್ಲ."

ಬಣ್ಣ ಮರಳಿ ಬರಲೆಂದು ತಿಪ್ಪವ್ವ ಎಷ್ಟೋ ದಿನ ಕದ್ದು ಚಹಾ ಮಾಡಿ ಬಟ್ಟಲಿಗೆ ಸುರಿದು ಇಟ್ಟರು, ಆರಿದ ಮೇಲೆ ಚೆಲ್ಲಿದರು. ಒಂದು ದಿನ ಇಂದೂ ನೋಡಿಬಿಟ್ಟರು. "ಬಿಡು ತಿಪ್ಪವ್ವಾ, ಅದು ಬಣ್ಣಾ ಹಚ್ಚೂದಲ್ಲ. ಯಾರರೆ ಕುಡೀಬೇಕು" ಎಂದು ಬಟ್ಟಲನ್ನು ಒಯ್ದು ಕಪಾಟಿನಲ್ಲಿಟ್ಟರು. ಕರಿ ಚಹಾ ಕುಡಿಯುವವರು ಆ ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಇಂದೂ ಅವರಿಗಂತೂ ಹಾಲಿಲ್ಲದ ಚಹಾ ಎಂದರೆ ಜ್ವರ ಬಂದಾಗ ಕುಡಿಯುವ ಕಷಾಯ.

ಈಗ ಈ ಕಟ್ಟಡವೇ ಹೋಗುತ್ತಿದೆ. ಸೊಸೈಟಿಯವರು ಒಪ್ಪಿ ಸಹಿ ಹಾಕಿದ್ದಾರೆ. ಹಳೆಯದನ್ನು ಕೆಡವಿ ಬಿಲ್ಡರು ಎತ್ತರದ್ದು ಕಟ್ಟುತ್ತಾನೆ. ತಿಪ್ಪವ್ವ ಹೊತ್ತ ಇಟ್ಟಿಗೆ ಮಣ್ಣಾಗುತ್ತದೆ. ತಾಯಿ ಮಗಳು ಬಾಡಿಗೆಯ ಸಣ್ಣ ಫ್ಲ್ಯಾಟಿಗೆ ಹೋಗಬೇಕು, ಅಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಸಂಗ್ರಹವನ್ನು ಒಂದು ಮ್ಯೂಸಿಯಮ್ಮಿಗೆ ಕೊಡುವುದೆಂದು ತೀರ್ಮಾನವಾಯಿತು. ನೋಡಲು ಬಂದಿದ್ದ ಅಲ್ಲಿಯ ಅಧಿಕಾರಿ ಹಾಗಿ ಬಟ್ಟಲನ್ನು ಬೆಳಕಿಗೆ ಹಿಡಿದು, "ಅಗದೀ ನವ್ಯಾಸಾರಖಂ!" ಎಂದು ಮರಾಠಿಯಲ್ಲಿ ಕೊಂಡಾಡಿದರು. ಥೇಟ್ ಹೊಸದರಂತೆಯೇ ಇದೆ, ಎಷ್ಟು ಚೆನ್ನಾಗಿ ಕಾಪಾಡಿದ್ದೀರಿ ಎಂದರು. ತಿಪ್ಪವ್ವ ಎದ್ದು ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋದಾಗ ನಲ್ಲಿ ಜೋರಾಗಿ ಬಿಟ್ಟುಕೊಂಡು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

"ಎಲ್ಲಾ ಹೋಗ್ಲಿರಿ. ಆ ಬಟ್ಲ ಮಾತ್ರ ಹಂಗ ಬೆಳ್ಳಗ ಗಾಜಿನ ಪೆಟಗ್ಯಾಗ ಹೋಗಬಾರದು. ನೋಡಿದವ್ರು ಏನ ತಿಳ್ಕೋತಾರ? ಕಾಕಾ ಅದರಾಗ ಒಂದ ದಿನಾನೂ ಚಹಾ ಕುಡದಿಲ್ಲಂತ ತಿಳ್ಕೋತಾರ."

ಕಾಕೂ ಅವರಿಗೆ ಹೇಳಬಾರದೇ ಎಂದೆ.

"ಯಾವ ಬಾಯಿಲೆ ಕೇಳ್ಲಿರಿ?"

ಮೊನ್ನೆ ಸಾಮಾನು ಕಟ್ಟಲು ಮ್ಯೂಸಿಯಮ್ಮಿನವರು ಬಂದಾಗ ನಾನೂ ಇದ್ದೆ. ಅವರು ಬಿಳಿ ಕೈಗವಸು ಹಾಕಿಕೊಂಡಿದ್ದರು, ತಿಪ್ಪವ್ವ ಬಳೆ ಕಟ್ಟಿಕೊಂಡಿದ್ದರು. ಕಪಾಟಿನಿಂದ ಇಳಿಸಿ ಕೊಡುವ ಕೆಲಸ ಮಾತ್ರ ತನ್ನದೇ ಎಂದು ಹಟ ಹಿಡಿದು, ಒಂದೊಂದನ್ನೂ ಕೌದಿಯ ಮೇಲಿಂದಲೇ ದಾಟಿಸಿದರು. ಬಿಜೆನ್ ಹೂಜಿಗಳು ಹೋದವು, ನೀಲಿ ತಟ್ಟೆಗಳು ಹೋದವು, ಸೊಟ್ಟ ಹೂದಾನಿಯೂ ಹೋಯಿತು. ಕೊನೆಗೆ ಉಳಿದದ್ದು ಹಾಗಿ ಬಟ್ಟಲು. ತಿಪ್ಪವ್ವ ಅದನ್ನು ಎತ್ತಿಕೊಂಡರು. ಅಧಿಕಾರಿ ಕೈ ಚಾಚಿದರು. ಇವರು ಕೊಡಲೊಲ್ಲರು, ಬೇಡವೆನ್ನಲೂ ಒಲ್ಲರು.

ಕಿಟಕಿಯ ಬಳಿಯ ಕುರ್ಚಿಯಿಂದ ಇಂದೂ ಅವರ ದನಿ ಕೇಳಿತು.

"ತಿಪ್ಪವ್ವಾ, ಹಾಗಿ ಕೊಡು."

ಮೂರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ.

"ಹ್ಯಾಂಗ ಕೊಡ್ಲಿರಿ, ಕಾಕೂ?"

ಈ ಸಲ ಅದು ತಮಾಷೆಯಾಗಿರಲಿಲ್ಲ, ನಿಜವಾಗಿಯೂ ಕೇಳಿದ್ದು. ಇಂದೂ ಅವರ ಕಡೆ ತಿರುಗಿ ಕೂತರು.

"ಹ್ಯಾಂಗದನೋ ಹಾಂಗ ಕೊಡು. ಅವರಿಗಲ್ಲ, ನನಗ. ಚಹಾ ಹಾಕಿ ಕೊಡು."

ಅಧಿಕಾರಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ತಿಪ್ಪವ್ವ ಕರಿ ಚಹಾ ಮಾಡಿ ತಂದರು. ಇಂದೂ ಮೊದಲ ಗುಟುಕಿಗೇ ಮುಖ ಕಿವುಚಿದರು, ಆದರೆ ಬಿಡದೆ ಪೂರಾ ಕುಡಿದರು. ಖಾಲಿ ಮನೆಯಲ್ಲಿ ಬಟ್ಟಲು ಕೆಳಗಿಟ್ಟ ಸದ್ದೂ ದೊಡ್ಡದಾಗಿ ಕೇಳಿತು.

ನಾನು ಹೊರಡುವಾಗ ತಿಪ್ಪವ್ವ ಅಡುಗೆಮನೆಯ ಕಿಟಕಿಯ ಬೆಳಕಿಗೆ ಬಟ್ಟಲು ಹಿಡಿದು ನೋಡುತ್ತಿದ್ದರು. ಒಳಗೆ ಇನ್ನೂ ಬೆಳ್ಳಗೇ ಇತ್ತು. ಈ ಬಣ್ಣ ತಿರುಗಲು ಎಷ್ಟು ವರ್ಷ ಬೇಕೋ, ಅಷ್ಟು ವರ್ಷ ಇಬ್ಬರಿಗೂ ಉಳಿದಿದೆಯೋ ಇಲ್ಲವೋ. ತಿರುಗಿದರೂ ಅದು ಕಾಕಾ ಕುಡಿದ ಚಹಾ ಅಲ್ಲ, ಅದು ಮರಳಿ ಬರುವುದಿಲ್ಲ ಎಂಬುದು ತಿಪ್ಪವ್ವನಿಗೂ ಗೊತ್ತು. ಬಟ್ಟಲನ್ನು ಒಲೆಯ ಪಕ್ಕ ಬೋರಲು ಹಾಕಿ, ಸೀರೆಯ ಅಂಚು ಬಿಚ್ಚಿ ಬಳೆ ಕೆಳಗಿಳಿಸಿಕೊಂಡು ನನ್ನ ಕಡೆ ತಿರುಗಿದರು.

"ಬರೇ ನೀರಾಗ ತೊಳದೀನ್ರಿ. ಏನೇನೋ ಬರಕೊಂಡೀರಲ್ಲ, ಇದನ್ನೂ ಬರಕೋರಿ."