ತೊಳೆದಿಟ್ಟ ನಶ್ಯದ ಬಾಟಲಿ

ಪಾತ್ರೆ ತೊಳೆಯುವ ನಿಂಬೆ ಸೋಪಿನ ವಾಸನೆ ಬಂದರೆ ನನ್ನ ಕೈ ಈಗಲೂ ಒಂದು ಗಳಿಗೆ ನಿಲ್ಲುತ್ತದೆ. ಕಳೆದ ವಾರ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಹ್ಯಾರಿಸ್‌ಡೇಲ್‌ನ ಅಣ್ಣನ ಮನೆಯ ಸಿಂಕಿನ ಮುಂದೆ ಹಾಗೇ ಆಯಿತು. ಸ್ಯಾಲಿಸ್‌ಬರಿಯ ಚೀನೀ ಅಂಕಲ್ ನೆನಪಾದರು...

ಆರು ವರ್ಷದ ಹಿಂದೆ ಅಣ್ಣ ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿದ್ದ. ಅತ್ತಿಗೆಯ ಬಾಣಂತನಕ್ಕೆ ನನ್ನನ್ನು ಮೈಸೂರಿನಿಂದ ಕರೆಸಿಕೊಂಡಿದ್ದ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು; ಇಂಗ್ಲಿಷ್ ಬಾರದು. ಶನಿವಾರ ಸಾಮಾನು ತರಲು ಹೋದಾಗ ಅಣ್ಣ ಹತ್ತಿರದ ಸ್ಯಾಲಿಸ್‌ಬರಿಯಲ್ಲಿದ್ದ ಅಂಕಲ್ ಅವರ ಹಳೇ ವಸ್ತುಗಳ ಅಂಗಡಿಗೆ ತಪ್ಪದೆ ಹೋಗುತ್ತಿದ್ದ. ಆಫೀಸಿನ ಹೊರಗೆ ಅವನಿಗಿದ್ದ ಒಬ್ಬರೇ ಸ್ನೇಹಿತರು ಅವರು. ನನಗೆ ಪುಟ್ಟ ಬಟ್ಟಲಲ್ಲಿ ಹಾಲಿಲ್ಲದ ಟೀ ಕೊಡುತ್ತಿದ್ದರು. ನಾನು ಮುಖ ಕಿವುಚುವುದನ್ನು ನೋಡಿ ನಗುತ್ತಿದ್ದರು. ಮೂರನೇ ವಾರಕ್ಕೆ ನನಗೆಂದೇ ಒಂದು ಸಕ್ಕರೆ ಡಬ್ಬಿ ತಂದಿಟ್ಟಿದ್ದರು.

ಅಲ್ಲಿಂದಲೇ ಅಣ್ಣ ಆ ನಶ್ಯದ ಬಾಟಲಿ ತಂದದ್ದು. ಹೆಬ್ಬೆರಳಿನಷ್ಟು ಗಾಜು; ಅದರಲ್ಲಿ ಬೆಟ್ಟ, ನೀರು, ದೋಣಿಯಲ್ಲಿ ನಿಂತು ಬಲೆ ಬೀಸುವವನು. ಬಲೆಯ ಒಂದೊಂದು ಎಳೆಯೂ ಕಾಣುತ್ತಿತ್ತು. ಬಳೆಯಲ್ಲಿರುವಂತೆ ಬಣ್ಣ ಗಾಜಿನೊಳಗೇ ಸೇರಿದೆ ಅಂದುಕೊಂಡಿದ್ದೆ.

ದಸರಾ ಬಂತು. ಗೊಂಬೆ ಕೂರಿಸಲು ಶೋಕೇಸಿನಲ್ಲಿದ್ದುದನ್ನೆಲ್ಲ ಇಳಿಸಿದೆ. ಬಾಟಲಿಯ ಮುಚ್ಚಳ ತೆಗೆದರೆ ನಶ್ಯದ ಘಾಟು. ಯಾರೋ ಮೂಗಿಗೇರಿಸಿದ್ದನ್ನು ಪಟ್ಟದ ಗೊಂಬೆಗಳ ಪಕ್ಕ ಹಾಗೇ ಇಡುವುದು ಹೇಗೆ? ಬಿಸಿನೀರು, ಪಾತ್ರೆಯ ನಿಂಬೆ ಸೋಪು ಹಾಕಿ ನೆನೆಸಿದೆ. ಮಗುವಿಗೆಂದು ತಂದಿದ್ದ ಹತ್ತಿ ಕಡ್ಡಿಯನ್ನು ಬಗ್ಗಿಸಿ ಒಳಗೆಲ್ಲ ತಿಕ್ಕಿದೆ. ಕಂದು ನೀರು ಬಂತು. ಕೊಳೆ ಬಿಡುತ್ತಿದೆ ಎಂದು ಖುಷಿಯಿಂದ ಇನ್ನೂ ತಿಕ್ಕಿದೆ... ಬೆಳಕಿಗೆ ಹಿಡಿದಾಗ ಬೆಟ್ಟವಿರಲಿಲ್ಲ. ದೋಣಿಯಿತ್ತು, ಅದರಲ್ಲಿ ಮನುಷ್ಯನಿರಲಿಲ್ಲ.

ಒರೆಸಿ, ಮೊದಲಿದ್ದ ಜಾಗದಲ್ಲೇ ಇಟ್ಟುಬಿಟ್ಟೆ.

ಸಂಜೆ ಅಣ್ಣ ನೋಡಿದ. “ಕೊಕ್ಕೆ ಥರ ಬಗ್ಗಿರೋ ಬ್ರಷ್‌ನ ಬಾಟ್ಲಿ ಬಾಯೊಳಗೆ ಬಿಟ್ಟು, ಒಳಗಡೆಯಿಂದ ಉಲ್ಟಾ ಪೇಂಟ್ ಮಾಡಿರೋದು ಕಣೆ ಇದು. ನೂರು ವರ್ಷದ್ದು ಅಂದಿದ್ರು. ನೂರು ವರ್ಷ ಇದ್ದಿದ್ದು ನಮ್ಮನೇಲಿ ಎರಡೇ ತಿಂಗಳಿಗೆ ಉದುರಿಹೋಯ್ತಾ?”

ಅತ್ತಿಗೆ ನಕ್ಕರು. “ನಿಮ್ಮ ಫ್ರೆಂಡು ಚೆನ್ನಾಗಿ ಟೋಪಿ ಹಾಕಿದಾರೆ ಬಿಡಿ. ಅಳತೆ ತಗೊಂಡು ಹೊಲಿಸಿದ ಹಾಗಿದೆ.”

ನಾನು ತೊಳೆದೆ ಎಂದು ಆಗ ಹೇಳಬೇಕಿತ್ತು. ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾ ಕೂತೆ.

ಶನಿವಾರ ಅಂಗಡಿಯಲ್ಲಿ ಅಣ್ಣ ಇಂಗ್ಲಿಷಿನಲ್ಲಿ ಕೂಗಾಡಿದ. ಅಂಕಲ್ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಚ್ಚಳ ತೆಗೆದು ಮೂಸಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಅವರು ಅಣ್ಣನಿಗೆ ಮೆಲ್ಲಗೆ ಏನೋ ಹೇಳಿ, ಕೊಟ್ಟ ಹಣವನ್ನು ವಾಪಸು ಮಾಡಿ, ತಲೆ ತಗ್ಗಿಸಿದರು.

ಕಾರಿನಲ್ಲಿ ಅಣ್ಣ ಹೇಳಿದ: “ನೋಡ್ದಾ, ತಪ್ಪು ನಂದೇ ಅಂತ ಒಪ್ಕೊಂಡ.” ಅಂದಿನಿಂದ ಅಂಕಲ್ ಅವನ ಬಾಯಲ್ಲಿ ಏಕವಚನಕ್ಕೆ ಇಳಿದರು. ಅವನು ಮತ್ತೆ ಅಲ್ಲಿಗೆ ಹೋಗಲಿಲ್ಲ. ನಾನು ಊರಿಗೆ ಹೊರಡುವ ಮುಂಚೆ ಆ ದಾರಿಯಲ್ಲಿ ಹೋದಾಗ ಅಂಗಡಿ ಮುಚ್ಚಿತ್ತು. ಬಾಗಿಲ ಗಾಜಿಗೆ ಕಾಗದ ಅಂಟಿಸಿದ್ದರು. ಅದರಲ್ಲಿ ಏನಿತ್ತೋ... ನನಗೆ ಓದಲು ಬರುತ್ತಿರಲಿಲ್ಲ, ಅಣ್ಣ ಆ ಕಡೆ ತಿರುಗಲಿಲ್ಲ.

ಕಳೆದ ವಾರ ಬಾರ್ಬೆಕ್ಯೂ ಊಟಕ್ಕೆ ಬಂದವರ ಮುಂದೆ ಅಣ್ಣ ಬಾಟಲಿಯ ಅದೇ ಕಥೆ ಹೇಳಿ ನಗಿಸುತ್ತಿದ್ದ. ಅಂದು ತೊಟ್ಟಿಲಲ್ಲಿದ್ದ ಅವನ ಮಗಳು ಸಿಂಕಿನ ಹತ್ತಿರ ಬಂದಳು. “ವಾಸ್ ಹಿ ಎ ಬ್ಯಾಡ್ ಮ್ಯಾನ್, ಅತ್ತೆ?”

ಅಷ್ಟು ಇಂಗ್ಲಿಷ್ ಈಗ ನನಗೆ ತಿಳಿಯುತ್ತದೆ. “ಇಲ್ಲ ಕಂದ, ತುಂಬ ಒಳ್ಳೆಯವರು” ಎಂದೆ.

ಅಣ್ಣನಿಗೆ ಕೇಳಿಸಿತು. “ಸಕ್ಕರೆ ಹಾಕಿ ಟೀ ಕೊಡ್ತಿದ್ನಲ್ಲ, ಇವಳಿಗೆ ಅವನು ಒಳ್ಳೆಯವನೇ.”

ಎಲ್ಲರೂ ನಕ್ಕರು. ಅಂಕಲ್ ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ಗೊತ್ತಿಲ್ಲ. ಅಣ್ಣನಾದರೋ ಹತ್ತೇ ಹೆಜ್ಜೆ ದೂರದಲ್ಲಿದ್ದ. ನಾನು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟು, ಆಗಲೇ ತೊಳೆದಿಟ್ಟ ಲೋಟವನ್ನು ಮತ್ತೆ ತೊಳೆಯತೊಡಗಿದೆ.