ಕೆಂಪು ಪೆನ್ಸಿಲ್ಲಿನ ನಲವತ್ತು ನಿಮಿಷ

ನನ್ನ ಗುರುಗಳ ಎಡಕಿವಿಯ ಹಿಂದೆ ಸದಾ ಒಂದು ಕೆಂಪು ಪೆನ್ಸಿಲ್ ಇರುತ್ತಿತ್ತು. ವಿಮಾನದಲ್ಲಿ ಅವರು ಬಲಗಡೆ, ನಾನು ಎಡಗಡೆ ಕೂರುತ್ತಿದ್ದರಿಂದ ಅವರ ಮುಖಕ್ಕಿಂತ ಆ ಕಿವಿಯೇ ನನಗೆ ಹೆಚ್ಚು ಪರಿಚಿತ. ಹೆಡ್‌ಫೋನು ಪೆನ್ಸಿಲನ್ನು ಒತ್ತಿ ಒತ್ತಿ ಅಲ್ಲೊಂದು ಸಣ್ಣ ಗುಳಿಯೇ ಬಿದ್ದಿತ್ತು.

ಅವರು ಹೊಸದುರ್ಗದವರು, ನಾನು ಹೊಳಲ್ಕೆರೆ ತಾಲ್ಲೂಕಿನ ತಾಳ್ಯದವಳು. ವಿಮಾನ ಹಾರಿಸುವ ಪರವಾನಗಿ ನನಗೆ ಆಗಲೇ ಇತ್ತು. ಆದರೆ ಹೊರಗೆ ಏನೂ ಕಾಣದಾಗ ಬರೀ ಉಪಕರಣ ನೋಡಿ ಹಾರಿಸುವುದನ್ನು ಕಲಿಸಬೇಕೆಂದರೆ, ಮೊದಲು ನಾವೇ ಹಾಗೆ ಇಂತಿಷ್ಟು ಗಂಟೆ ಹಾರಿಸಿರಬೇಕು. ಅದಕ್ಕೆಂದು ಹಣೆಗೆ ಒಂದು ಮರೆ ಕಟ್ಟಿಕೊಳ್ಳುತ್ತೇವೆ. ಎದುರಿನ ಉಪಕರಣಗಳ ಮುಳ್ಳುಗಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹೊರಗೆ ನೋಡುವ ಕೆಲಸ ಪಕ್ಕದವರದು. ಗುರುಗಳಿಗೆ ಆ ಮರೆ 'ಕುದುರೆ ಪಟ್ಟಿ', ಉಪಕರಣಗಳೆಲ್ಲ 'ಗಡಿಯಾರ'. "ಹಾಕ್ಕಳವ್ವ ಕುದುರೆ ಪಟ್ಟಿ, ಹೋಗಾಣ" ಎಂದರೆ ಪಾಠ ಶುರು.

ಆ ತಿಂಗಳು ನಮ್ಮ ಹಾರಾಟ ಶಾಲೆಯಲ್ಲಿ ಬೋಧಕರ ಜಾಗವೊಂದು ಖಾಲಿಯಿತ್ತು. ತಿಂಗಳೊಳಗೆ ಗಂಟೆ ತುಂಬಿಸಿದರೆ ನನಗೆ, ಇಲ್ಲವಾದರೆ ಇನ್ನೊಬ್ಬರಿಗೆ. ಕೊನೆಯ ದಿನ ಹಿರಿಯೂರು ಕಡೆಯಿಂದ ಹೊಳಲ್ಕೆರೆಯತ್ತ ಬರುತ್ತಿದ್ದೆವು. ಹೊತ್ತಿನ ಲೆಕ್ಕದಲ್ಲಿ ತಾಳ್ಯ ಬಂತೆಂದು ತಿಳಿಯಿತು. ಎಷ್ಟೋ ಸಲ ಅದರ ಮೇಲೆ ಹಾರಿದ್ದೆ, ಮೇಲಿನಿಂದ ಒಂದು ಸಲವೂ ನೋಡಿರಲಿಲ್ಲ. ಗುರುಗಳು ಬಲಕ್ಕೆ ತಿರುಗಿ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರ ನೋಡುತ್ತಿದ್ದಾರೆ ಅಂದುಕೊಂಡು, ಎಡಕ್ಕೆ ಕತ್ತು ಹೊರಳಿಸಿ ಮರೆಯ ಸಂದಿಯಿಂದ ಇಣುಕಿದೆ.

"ಏನ್ ಕಾಣ್ತವ್ವ?"

"ಏನಿಲ್ಲ ಸರ್."

"ವಿಮಾನ ಎಡಕ್ಕೆ ವಾಲೈತೆ. ತಲೆ ಹೋದ ಕಡೆ ಕೈ ಹೋಗ್ತೈತೆ. ನೀನು ಸುಳ್ಳು ಹೇಳಿದ್ರೂ ಕೈ ಹೇಳಲ್ಲ."

ಇಳಿದ ಮೇಲೆ ಪೆನ್ಸಿಲ್ ತೆಗೆದು, ನನ್ನ ಗಂಟೆಗಳ ಲೆಕ್ಕದ ಹಾಳೆಯಲ್ಲಿ ಕೊನೆಯ ನಲವತ್ತು ನಿಮಿಷ ಹೊಡೆದುಹಾಕಿದರು. "ನೋಡಿದ್ದು ಎರಡು ಕ್ಷಣ ಸರ್!" ಎಂದು ಗೋಗರೆದೆ. "ಇನ್ನೆಷ್ಟು ಸಲ ಇಣುಕಿದ್ದೆ ಅಂತ ನಂಗೆ ಹೆಂಗ್ ಗೊತ್ತು?" ಎಂದು ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಹೊರಟೇಬಿಟ್ಟರು. ಜಾಗ ಕೈತಪ್ಪಿತು. ಹಟಮಾರಿ ಮುದುಕ ಎಂದು ಮನಸಾರೆ ಬೈದುಕೊಂಡೆ. ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ.

ಅವರಿಗೆ ಅದರ ಪರಿವೆಯೇ ಇದ್ದಂತಿರಲಿಲ್ಲ. ಆದರೆ ಅಂದಿನಿಂದ, ತಾಳ್ಯದ ಮೇಲೆ ಹೋಗುವಾಗಲೆಲ್ಲ ತಾವಾಗಿಯೇ ವರದಿ ಒಪ್ಪಿಸತೊಡಗಿದರು. "ನಿಮ್ಮೂರ ಕೆರೇಲಿ ನೀರೈತೆ. ಶಾಲೆ ಮುಂದೆ ಹುಡುಗ್ರು ಸಾಲಾಗಿ ನಿಂತವ್ರೆ. ಯಾರೋ ಮಾಳಿಗೆ ಮೇಲೆ ರಾಗಿ ಒಣಗಾಕವ್ರೆ. ನೀನು ಗಡಿಯಾರ ನೋಡು, ಊರು ನಾನ್ ನೋಡ್ತೀನಿ." ಅಷ್ಟೆತ್ತರದಿಂದ ರಾಗಿ ಕಾಣುವುದುಂಟೆ! ಅರ್ಧಕ್ಕರ್ಧ ಕಟ್ಟುಕಥೆ ಎಂದು ಗೊತ್ತಿದ್ದರೂ ನನ್ನ ಸಿಟ್ಟು ಇಳಿದದ್ದು ಅದರಿಂದಲೇ.

ಒಂದು ಮಧ್ಯಾಹ್ನ ದುರ್ಗದ ಹತ್ತಿರ ನಿಜವಾದ ಮೋಡ ಹೊಕ್ಕೆವು. ಬಲಕ್ಕೆ ಉರುಳುತ್ತಿದ್ದೇವೆ ಎಂದು ಮೈ ಚೀರುತ್ತಿತ್ತು. ನೆಟ್ಟಗೇ ಇದ್ದೇವೆ ಎಂದು ಮುಳ್ಳು ತೋರಿಸುತ್ತಿತ್ತು. ಕತ್ತು ಅಲ್ಲಾಡಿಸದೆ ಮುಳ್ಳನ್ನೇ ನಂಬಿದೆ. ಗುರುಗಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಬೆಳಕಿಗೆ ಬಂದಾಗ ವಿಮಾನ ನೆಟ್ಟಗಿತ್ತು. ಆ ನಲವತ್ತು ನಿಮಿಷ ಯಾಕೆ ಹೊಡೆದರೆಂದು ನನಗೆ ತಿಳಿದದ್ದು ಅಂದು.

ಮುಂದಿನ ಸಲ ಜಾಗ ಖಾಲಿಯಾದಾಗ ನನ್ನ ಗಂಟೆಗಳು ತುಂಬಿದ್ದವು. ಸಹಿ ಹಾಕಿ, ಪೆನ್ಸಿಲನ್ನು ನನ್ನ ಕೈಗಿಟ್ಟು, "ಇನ್ ಮ್ಯಾಲೆ ಹೊರಗೆ ನೋಡೋ ಕೆಲ್ಸ ನಿಂದವ್ವ" ಎಂದರು.

ಹೋದ ವರ್ಷ ತೀರಿಕೊಂಡರು. ನಾನು ದೂರದಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಇದೆ.

ಮೊನ್ನೆ ಹೊಸದುರ್ಗದ ಮೇಲೆ ಹಾರುತ್ತಿದ್ದೆವು. ಎಡಗಡೆ ಮರೆ ಕಟ್ಟಿಕೊಂಡ ಶಿಷ್ಯ, ಬಲಗಡೆ ನಾನು. ಕೆಳಗೆ ತೆಂಗಿನ ತೋಟಗಳು, ಪಕ್ಕದಲ್ಲಿ ತುಂಬಿದ ಕೆರೆ. ನನಗರಿವಿಲ್ಲದೆ ಬಾಯಿಂದ ಬಂತು: "ಸರ್, ನಿಮ್ಮೂರ ಕೆರೇಲಿ ನೀರೈತೆ."

"ಯಾರಿಗೆ ಹೇಳಿದ್ರಿ ಮೇಡಂ?" ಎಂದು ಶಿಷ್ಯ ನನ್ನ ಕಡೆ ಕತ್ತು ತಿರುಗಿಸಿದ. ವಿಮಾನ ಬಲಕ್ಕೆ ವಾಲಿತು.

"ಗಡಿಯಾರ ನೋಡಪ್ಪ," ಎಂದೆ.

ಇಳಿದ ಮೇಲೆ ಅವನು ಅಳುಕುತ್ತಲೇ ಹಾಳೆ ಮುಂದಿಟ್ಟ. ನಾನು ಪೆನ್ಸಿಲನ್ನು ಕಿವಿಯಿಂದ ತೆಗೆಯಲಿಲ್ಲ. ಅವತ್ತು ತಪ್ಪು ಅವನದಾಗಿರಲಿಲ್ಲ.